ಮನಸ್ಸು ಬಂದಾಗ ಜಾಮು, ಕೈಗೆ ಸಿಕ್ಕಿದ್ದರಲ್ಲಿ ಕೇಕು

ನಮ್ಮ ಮನೆಯಲ್ಲಿ ಜಾಮ್ ಕಾಯಿಸೋದು, ಕೇಕ್ ಬೇಯಿಸೋದು ಮೊದಲೇ ಗೊತ್ತು ಮಾಡಿಟ್ಟ ಕೆಲಸ ಅಲ್ಲ. ಹಲಸಿನ ಹಣ್ಣು ಬಂತು, ಹಾಳಾಗೋದು ಬೇಡ ಅನ್ನಿಸಿತು, ಒಲೆ ಹಚ್ಚಿದೆ. ಅಷ್ಟೇ. ನನ್ನ ತವರು ಶಿರಸಿ ಕಡೆ, ಈಗ ಇರೋದು ಕುಮಟೆಯಲ್ಲಿ. ದೇವಿಮನೆ ಘಟ್ಟ ಹತ್ತಿ ಇಳಿಯುವಾಗೆಲ್ಲ ಕಾರಿನ ಡಿಕ್ಕಿಯಲ್ಲಿ ಏನಾದರೂ ಇದ್ದೇ ಇರುತ್ತದೆ. ಮೇಲಿನಿಂದ ಜೋನಿ ಬೆಲ್ಲ, ಕಾಳುಮೆಣಸು, ಹಲಸು ಕೆಳಗಿಳಿಯುತ್ತವೆ. ಇಲ್ಲಿಂದ ಈರುಳ್ಳಿ ಗೊಂಚಲು, ಅಂಕೋಲೆಯ ಮಾವು ಮೇಲೆ ಹೋಗುತ್ತವೆ. ಎರಡೂ ಕಡೆಯ ಸಾಮಾನು ಒಂದೇ ಅಡುಗೆಮನೆಯಲ್ಲಿ ಸೇರಿದಾಗ ಏನಾದರೂ ಮಾಡಿ ನೋಡೋಣ ಅನ್ನಿಸದೇ ಇರುತ್ತದಾ?

ಪುಸ್ತಕದ ಅಳತೆ ನೋಡಿ ಮಾಡಲು ಹೊರಟರೆ ಅರ್ಧ ಸಾಮಾನು ಇಲ್ಲಿ ಸಿಗೋದಿಲ್ಲ. ಸ್ಟ್ರಾಬೆರಿ ಎಲ್ಲಿಂದ ತರೋದು? ಆದರೆ ಹುಳಿ, ಸಕ್ಕರೆ, ನೀರು ಈ ಮೂರರ ಲೆಕ್ಕ ತಲೆಯಲ್ಲಿದ್ದರೆ ಯಾವ ಹಣ್ಣು ಬಂದರೂ ಧೈರ್ಯವಾಗಿ ಕೈ ಹಾಕಬಹುದು. ಜಾಮ್ ಗಟ್ಟಿಯಾಗೋದು ಹಣ್ಣಿನೊಳಗಿನ ಪೆಕ್ಟಿನ್ ಅನ್ನೋ ಅಂಟಿನಿಂದ. ಆ ಅಂಟು ಹಿಡಿಯಬೇಕಾದರೆ ಸಾಕಷ್ಟು ಹುಳಿ ಬೇಕು, ಕೊನೆಗೆ ಪಾತ್ರೆಯಲ್ಲಿ ಉಳಿಯುವ ತೂಕದಲ್ಲಿ ನೂರಕ್ಕೆ 65 ಭಾಗದಷ್ಟು ಸಿಹಿ ಇರಬೇಕು. ಅಷ್ಟು ಸಿಹಿ ಇದ್ದರೆ ಬೂಷ್ಟಿಗೂ ಬೆಳೆಯೋದು ಕಷ್ಟ.

ಹಲಸಿನಲ್ಲಿ ಸಿಹಿ ಬೇಕಾದಷ್ಟಿದೆ, ಹುಳಿ ಇಲ್ಲವೇ ಇಲ್ಲ. ಅದರ ಪಿಎಚ್, ಅಂದರೆ ಹುಳಿಯ ಅಳತೆ, 5ರ ಆಚೀಚೆ. ಈ ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. 4.6ಕ್ಕಿಂತ ಕೆಳಗೆ ಇಳಿಸದೆ ಗಾಳಿಯಾಡದ ಬಾಟಲಿಯಲ್ಲಿ ಮುಚ್ಚಿಡೋದು ಅಪಾಯ, ವಿಷ ಉಂಟುಮಾಡುವ ಬ್ಯಾಕ್ಟೀರಿಯಾ ಅಂಥಲ್ಲೇ ಬೆಳೆಯೋದು. ಲಿಂಬೆ ಹಿಂಡಬಹುದು. ಆದರೆ ಹಲಸು ಹಣ್ಣಾಗುವ ಹೊತ್ತಿಗೇ ನಮ್ಮಲ್ಲಿ ಮುರುಗಲೂ (ಕೋಕಂ, ಪುನರ್ಪುಳಿ) ಹಣ್ಣಾಗುತ್ತದೆ. ಅದಕ್ಕಿಂತ ಒಳ್ಳೆಯ ಹುಳಿ ಇನ್ನೆಲ್ಲಿ ಸಿಗಬೇಕು? ಎರಡನ್ನೂ ಸೇರಿಸಿದ ದಿನದಿಂದ ನಾನು ಹಲಸಿನ ಜಾಮಿಗೆ ಬೇರೆ ಏನನ್ನೂ ಹಾಕಿಲ್ಲ.

ಬಕ್ಕೆ ಹಲಸಾದರೆ ತೊಳೆ ಗಟ್ಟಿ. ಸಣ್ಣಗೆ ಹೆಚ್ಚಿ, ಸ್ವಲ್ಪ ನೀರು ಹಾಕಿ ಬೇಯಿಸಿ ರುಬ್ಬುತ್ತೇನೆ. ಮೆತ್ತಗಿನ ತೊಳೆಯದ್ದಾದರೆ ಜರಡಿಯಲ್ಲಿ ಉಜ್ಜಿದರೆ ಸಾಕು, ನಾರು ಮೇಲೆ ಉಳಿಯುತ್ತದೆ. 1 ಕಿಲೋ ತಿರುಳಿಗೆ 750 ಗ್ರಾಂ ಸಕ್ಕರೆ. ಮುರುಗಲ ಸಿಪ್ಪೆಯನ್ನು ಕಿವುಚಿ ತೆಗೆದ ದಪ್ಪ ರಸ 100 ಮಿಲಿ. ನಾನು ಮೊದಲಿಗೆ ಫೋನಿನಲ್ಲಿ ಕೇಳಿದಾಗ ಆಯಿ (ಅಮ್ಮ) ಹೇಳಿದ್ದು ಒಂದೇ ಮಾತು: 'ಪೂರಾ ಹಣ್ಣಾದ್ದು ಹಿಡಿತಿಲ್ಲೆ ತಂಗಿ. ನಾಲ್ಕು ದೋರುಗಾಯಿ ತೊಳೆ ಸೇರ್ಸು.' ದೋರುಗಾಯಿ ಅಂದರೆ ಅರೆಬರೆ ಹಣ್ಣಾದದ್ದು. ಪೆಕ್ಟಿನ್ ಹೆಸರನ್ನು ಆಯಿ ಕೇಳಿಲ್ಲ. ಆದರೆ ಮಾತು ನೂರಕ್ಕೆ ನೂರು ಸರಿ. ಕಾಯಿ ಹಣ್ಣಾಗುತ್ತಾ ಹೋದ ಹಾಗೆ ಅದರೊಳಗಿನ ಅಂಟು ಕಡಿಮೆಯಾಗುತ್ತದೆ. ಅದಕ್ಕೇ ಈಗ ಯಾವ ಹಣ್ಣಿನ ಜಾಮ್ ಮಾಡಿದರೂ ಕಾಲು ಭಾಗ ದೋರುಗಾಯಿ ಸೇರಿಸುತ್ತೇನೆ.

ಹದ ನೋಡೋದೇ ಎಲ್ಲರಿಗೂ ಕಷ್ಟ ಅನ್ನಿಸೋದು. ತಟ್ಟೆ ಮೇಲೆ ಹನಿ ಹಾಕಿ, ಆರಿದ ಮೇಲೆ ಬೆರಳಲ್ಲಿ ದೂಡಿದರೆ ಸುಕ್ಕು ಬೀಳಬೇಕು ಅನ್ನೋದು ಹಳೆಯ ಪರೀಕ್ಷೆ. ಒಳ್ಳೆಯದೇ. ನನಗೆ ಅದಕ್ಕಿಂತ ತಕ್ಕಡಿ ಮೇಲೆ ನಂಬಿಕೆ ಜಾಸ್ತಿ. ಖಾಲಿ ಪಾತ್ರೆಯ ತೂಕವನ್ನು ಮೊದಲೇ ಬರೆದಿಟ್ಟುಕೊಳ್ಳುತ್ತೇನೆ. ತಿರುಳು, ಸಕ್ಕರೆ, ರಸ ಸೇರಿ 1,850 ಗ್ರಾಂ. ಸಕ್ಕರೆಯ 750, ಹಣ್ಣಿನದೇ ಸಿಹಿ ಮತ್ತು ಸತ್ವ ಸುಮಾರು 200, ಒಟ್ಟು 950. ಇದು ನೂರಕ್ಕೆ 65 ಆಗಬೇಕಾದರೆ ಪಾತ್ರೆಯೊಳಗೆ ಸುಮಾರು 1,450 ಗ್ರಾಂ ಉಳಿಯಬೇಕು. ಅಲ್ಲಿಗೆ ಇಳಿದ ಕೂಡಲೇ ಒಲೆ ಆರಿಸೋದು. ನೀರು ಹೋಗಬೇಕಾದಷ್ಟು ಹೋಗಿದೆ ಅಂತ ತಕ್ಕಡಿಯೇ ಹೇಳುತ್ತದೆ, ಅನುಮಾನ ಉಳಿಯೋದಿಲ್ಲ.

ಥರ್ಮಾಮೀಟರ್ ಇಟ್ಟುಕೊಂಡವರಿಗೆ ಒಂದು ಮಾತು. ಜಾಮ್ 105 ಡಿಗ್ರಿಗೆ ಹದ ಬರುತ್ತದೆ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಕುಮಟೆಯಲ್ಲಿ, ಕಾರವಾರದಲ್ಲಿ ಅದು ಸರಿ, ನಾವು ಸಮುದ್ರದ ಮಟ್ಟದಲ್ಲೇ ಇದ್ದೇವೆ. ಶಿರಸಿ ಹೆಚ್ಚುಕಡಿಮೆ 600 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ ಜಾಮ್ 103ಕ್ಕೇ ಹದವಾಗುತ್ತದೆ. ತವರಲ್ಲಿ 105 ಬರಲಿ ಅಂತ ಕಾಯುತ್ತಾ ಕೂತರೆ ಪಾತ್ರೆಯಲ್ಲಿ ಮಿಠಾಯಿ ಆಗಿರುತ್ತದೆ! ಮೊದಲು ಬರೀ ನೀರು ಕುದಿಸಿ ಎಷ್ಟು ತೋರಿಸುತ್ತದೆ ನೋಡಿ, ಅದಕ್ಕೆ 5 ಸೇರಿಸಿ. ನಿಮ್ಮೂರಿನ ಲೆಕ್ಕ ಅದು.

ಬಣ್ಣ ಮಾತ್ರ ನೋಡಬೇಕು. ಹಲಸಿನ ಹಳದಿ, ಮುರುಗಲಿನ ಕೆಂಪು ಸೇರಿ ಸಂಜೆ ಹೊತ್ತಿನ ಕಿತ್ತಳೆ ಬಣ್ಣ ಬರುತ್ತದೆ. ಒಂದು ಹನಿ ಬಣ್ಣದ ಪುಡಿ ಬೇಡ. ಬಾಟಲಿಗಳನ್ನು 10 ನಿಮಿಷ ನೀರಲ್ಲಿ ಕುದಿಸಿ ಪೂರ್ತಿ ಒಣಗಿಸಿ, ಜಾಮ್ ಬಿಸಿ ಇರುವಾಗಲೇ ತುಂಬಬೇಕು. ಮಳೆಗಾಲದ ತಂಪಿನಲ್ಲಿ ಒದ್ದೆ ಚಮಚ ಹಾಕಿದರೆ ಏನೇ ಮಾಡಿದರೂ ಬೂಷ್ಟು ಬರುತ್ತದೆ. ಅದಕ್ಕೇ ಸಣ್ಣ ಸಣ್ಣ ಬಾಟಲಿ ಒಳ್ಳೆಯದು, ತೆಗೆದದ್ದು ಬೇಗ ಖಾಲಿಯಾಗುತ್ತದೆ.

ಈಗ ಮುರುಗಲ ಸಕ್ಕರೆ ಸಿಪ್ಪೆಯ ವಿಷಯ. ಬೇಸಿಗೆಯಲ್ಲಿ ಎಲ್ಲರ ಮನೆಯಲ್ಲೂ ಹಣ್ಣು ಎರಡು ಹೋಳು ಮಾಡಿ, ಬೀಜ ತೆಗೆದು, ಸಿಪ್ಪೆಯ ಬಟ್ಟಲಿಗೆ ಸಕ್ಕರೆ ತುಂಬಿ ಗಾಜಿನ ಭರಣಿಯಲ್ಲಿ ಬಿಸಿಲಿಗೆ ಇಡುತ್ತಾರೆ. ವಾರ ಕಳೆಯುವುದರೊಳಗೆ ರಸ ಬಿಡುತ್ತದೆ, ಅದೇ ಶರಬತ್ತಿನ ಪಾಕ. ಪಾಕ ಸೋಸಿದ ಮೇಲೆ ಉಳಿದ ಸಿಪ್ಪೆಯನ್ನು ಕೆಲವರು ಬಿಸಾಡುತ್ತಾರೆ. ನನಗೆ ಅದೇ ಬಂಗಾರ. ಇನ್ನೊಂದೆರಡು ಬಿಸಿಲಿಗೆ ಹಾಕಿ, ಅಂಟಂಟು ಇರುವಾಗಲೇ ಸಣ್ಣಗೆ ಕತ್ತರಿಸಿ ಡಬ್ಬಿಗೆ ತುಂಬಿದರೆ ನಮ್ಮೂರಿನ ಟೂಟಿಫ್ರೂಟಿ ತಯಾರು. ಅಂಗಡಿಯದ್ದು ಬಣ್ಣ ಹಾಕಿದ ಪಪ್ಪಾಯಿ ಕಾಯಿ, ಬರೀ ಸಿಹಿ. ಇದಕ್ಕೆ ಹುಳಿ ಇದೆ, ಜಗಿಯಲು ಗಟ್ಟಿತನ ಇದೆ, ಕೇಕಿನ ಸಿಹಿಯ ನಡುವೆ ಹಲ್ಲಿಗೆ ಸಿಕ್ಕಾಗ ಬಾಯಿ ನೀರೂರುತ್ತದೆ.

ಆದರೆ ಸೋಡಾ ಹಾಕಿದ ಹಿಟ್ಟಿಗೆ ಇದನ್ನು ಸೇರಿಸಬಾರದು. ಮುರುಗಲಿನ ಕೆಂಪು ಬಣ್ಣ ಹುಳಿಯಲ್ಲಿ ಮಾತ್ರ ಕೆಂಪಗಿರುತ್ತದೆ. ಸೋಡಾ ತಾಗಿದರೆ ನೀಲಿಗೆ ತಿರುಗುತ್ತದೆ. ಸೋಡಾ ಹಾಕಿದ ಕೇಕ್ ಕೊಯ್ದು ನೋಡಿದರೆ ಪ್ರತಿ ತುಂಡಿನ ಸುತ್ತ ಬೂದು ನೀಲಿ ಉಂಗುರ ಕಾಣುತ್ತದೆ. ರುಚಿ ಕೆಟ್ಟಿರೋದಿಲ್ಲ, ಆದರೆ ನೋಡಿದವರು ಬೂಷ್ಟು ಅಂದುಕೊಂಡು ತಟ್ಟೆ ಪಕ್ಕಕ್ಕಿಡುತ್ತಾರೆ. ಯೀಸ್ಟ್ ಹಾಕಿ ಹುದುಗಿಸಿದ ಹಿಟ್ಟಿನಲ್ಲಿ ಈ ತೊಂದರೆ ಇಲ್ಲ. ಬನ್ನಿನೊಳಗೆ ತುಂಡುಗಳು ಕೆಂಪಗೇ ಉಳಿಯುತ್ತವೆ.

ಸೋಡಾ ಏನಿದ್ದರೂ ಜೋನಿ ಬೆಲ್ಲದ ಕೇಕಿಗೆ. ಜೋನಿ ಅಂದರೆ ನಮ್ಮ ಕಡೆಯ ನೀರು ಬೆಲ್ಲ. ಆಲೆಮನೆಯಲ್ಲಿ ಅಚ್ಚಿಗೆ ಹೊಯ್ಯುವ ಹದಕ್ಕಿಂತ ಮುಂಚೆಯೇ ಇಳಿಸಿ ಡಬ್ಬಿಗೆ ತುಂಬಿದ್ದು. ಬೆಲ್ಲದಲ್ಲಿ ತುಸು ಹುಳಿಯ ಅಂಶ ಇರುವುದರಿಂದ ಸೋಡಾ ಅದರೊಂದಿಗೆ ಚೆನ್ನಾಗಿ ಉಬ್ಬುತ್ತದೆ. ಅರ್ಧ ಲೋಟ ಮೊಸರು ಜೊತೆಗಿದ್ದರೆ ಇನ್ನೂ ಒಳ್ಳೆಯದು. 100 ಗ್ರಾಂ ಸಕ್ಕರೆ ಹಾಕುವಲ್ಲಿ 120 ಗ್ರಾಂ ಜೋನಿ ಹಾಕಿ, ಹಾಲನ್ನು ಎರಡು ಮೂರು ಚಮಚ ಕಡಿಮೆ ಮಾಡುತ್ತೇನೆ. ಬೆಲ್ಲದ ಕೇಕು ಬೇಗ ಕಪ್ಪಗಾಗುತ್ತದೆ. 180ರ ಬದಲು 165 ಡಿಗ್ರಿಯಲ್ಲಿ ನಿಧಾನಕ್ಕೆ ಬೇಯಲಿ. ಡಬ್ಬಿಯ ತಳದಲ್ಲಿ ಹರಳು ಕೂತಿದ್ದರೆ ಚೆನ್ನಾಗಿ ಕದಡಿ ತೆಗೆಯಿರಿ. ಮೇಲಿನ ನೀರಷ್ಟೇ ಬಿದ್ದರೆ ಲೆಕ್ಕ ತಪ್ಪುತ್ತದೆ.

ಕೇಕು ಅನ್ನೋದು ನಮ್ಮ ಕರಾವಳಿಗೆ ಹೊರಗಿನಿಂದ ಬಂದದ್ದು ಅಂತ ನನಗೆ ಅನ್ನಿಸೋದೇ ಇಲ್ಲ. ಕಾರವಾರದ ಕಡೆ ಕೊಂಕಣಿ ಮನೆಗಳಲ್ಲಿ ಸೌತೆಕಾಯಿ ತವಸಳಿ ಮಾಡುತ್ತಾರಲ್ಲ, ಅದು ಕೇಕ್ ಅಲ್ಲದೆ ಇನ್ನೇನು? ಹುರಿದ ರವೆ, ತುರಿದ ಸೌತೆಕಾಯಿ, ಬೆಲ್ಲ, ಕಾಯಿತುರಿ, ಏಲಕ್ಕಿ. ಪಾತ್ರೆಯ ಕೆಳಗೆ ಕೆಂಡ, ಮುಚ್ಚಳದ ಮೇಲೂ ಕೆಂಡ ಇಟ್ಟು ಬೇಯಿಸುತ್ತಿದ್ದರು. ಓವನ್ನಿನ ಕೆಲಸವೂ ಅದೇ. ನಾನು 2 ಲೋಟ ರವೆಗೆ ಸೌತೆಕಾಯಿ ತುರಿಯನ್ನು ಅದರ ನೀರಿನ ಸಮೇತ 2 ಲೋಟ ಹಾಕುತ್ತೇನೆ. ಒಂದೂವರೆ ಲೋಟ ಜೋನಿ, 1 ಲೋಟ ಕಾಯಿತುರಿ, ಚಿಟಿಕೆ ಉಪ್ಪು. ಕಲಸಿ ಅರ್ಧ ಗಂಟೆ ಬಿಟ್ಟರೆ ರವೆ ನೀರು ಹೀರಿ ಉಬ್ಬುತ್ತದೆ. ಮೊಟ್ಟೆ ಬೇಡ, ಸೋಡಾ ಬೇಡ. ಮಳೆಗಾಲವಾದರೆ ಟಿನ್ನಿಗೆ ಕಾಗದದ ಬದಲು ಹಿತ್ತಲಿನ ಅರಿಶಿನ ಎಲೆ ಹಾಸುತ್ತೇನೆ. ಬೇಯುವಾಗ ಬರುವ ಘಮಕ್ಕೆ ಪಕ್ಕದ ಮನೆಯವರು ಬೇಲಿ ಹತ್ತಿರ ಬಂದು, 'ಏನ್ರೀ ಅಕ್ಕಾ, ಪಾತೋಳಿ ಮಾಡಿದ್ರಾ?' ಅಂತ ಕೇಳಿದ್ದರು. ಪಾತೋಳಿ ಅನ್ನೋ ಸಿಹಿಯನ್ನೂ ಅರಿಶಿನ ಎಲೆಯಲ್ಲೇ ಬೇಯಿಸೋದಲ್ಲ. ತವಸಳಿ ಅಂದಾಗ ನಂಬಲಿಲ್ಲ. ಒಂದು ತುಂಡು ತಿಂದ ಮೇಲೆ ತಮ್ಮ ಮನೆಯ ಟಿನ್ನನ್ನೇ ತಂದುಕೊಟ್ಟರು.

ಮಳೆಯಲ್ಲಿ ಕರೆಂಟ್ ಹೋಗೋದು ಇಲ್ಲಿ ಮಾಮೂಲು. ಆಗ ಕುಕ್ಕರ್ರೇ ಓವನ್. ತಳಕ್ಕೆ ಒಂದು ಪದರ ಕಲ್ಲುಪ್ಪು, ಅದರ ಮೇಲೆ ಸ್ಟ್ಯಾಂಡ್, ಗ್ಯಾಸ್ಕೆಟ್ಟೂ ವಿಷಲ್ಲೂ ತೆಗೆದ ಮುಚ್ಚಳ. 10 ನಿಮಿಷ ಕಾಯಿಸಿ ಟಿನ್ ಇಳಿಸಿ, ಉರಿ ಸಣ್ಣ ಮಾಡೋದು. ಮೇಲ್ಭಾಗ ಕೆಂಪಾಗೋದಿಲ್ಲ ಅನ್ನೋದೊಂದೇ ಕೊರತೆ.

ಈರುಳ್ಳಿ ಜಾಮ್ ಅಂದರೆ ಮೂಗು ಮುರಿಯುವವರೇ ಜಾಸ್ತಿ. ಕುಮಟೆ ಈರುಳ್ಳಿ ತಿಂದವರಿಗೆ ಮಾತ್ರ ಅರ್ಥವಾಗುತ್ತದೆ. ಬೇಸಿಗೆ ಬಂತೆಂದರೆ ಅಳ್ವೆಕೋಡಿ ಹತ್ತಿರ ಹೆದ್ದಾರಿ ಪಕ್ಕದಲ್ಲಿ ಗೊಂಚಲು ಗೊಂಚಲಾಗಿ ತೂಗುಹಾಕಿ ಮಾರುತ್ತಾರೆ. ಖಾರ ಕಡಿಮೆ, ಹಸಿಯಾಗಿ ತಿಂದರೂ ಸಿಹಿ. 1 ಕಿಲೋ ಈರುಳ್ಳಿ ಉದ್ದುದ್ದ ಹೆಚ್ಚಿ, ತೆಂಗಿನೆಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬಾಡಿಸಬೇಕು. ಅವಸರ ಮಾಡಿದರೆ ಅಂಚು ಸೀದು ಕಹಿಯಾಗುತ್ತದೆ. ಪೂರ್ತಿ ಕುಸಿದು ಕಂದು ಬಣ್ಣ ಬಂದ ಮೇಲೆ 200 ಗ್ರಾಂ ಜೋನಿ, ಒಣ ಮುರುಗಲ ಸಿಪ್ಪೆ ನೆನೆಸಿ ಹಿಂಡಿದ ನೀರು, ಉಪ್ಪು, ಕುಟ್ಟಿದ ಕಾಳುಮೆಣಸು. ಇದರಲ್ಲಿ ಸಿಹಿ ಕಡಿಮೆ, ಎಣ್ಣೆಯೂ ಇದೆ. ಹೊರಗಿಡುವ ಜಾಮ್ ಅಲ್ಲ ಇದು. ಫ್ರಿಜ್ಜಿನಲ್ಲಿಟ್ಟು ವಾರದೊಳಗೆ ಮುಗಿಸಬೇಕು.

ಮುಗಿಸಲು ಬನ್ ಇದೆಯಲ್ಲ. 500 ಗ್ರಾಂ ಮೈದಾ, 7 ಗ್ರಾಂ ಒಣ ಯೀಸ್ಟ್, 9 ಗ್ರಾಂ ಉಪ್ಪು, 40 ಗ್ರಾಂ ಎಣ್ಣೆ, 300 ಮಿಲಿ ನೀರು. ಮೇ ತಿಂಗಳ ಕರಾವಳಿ ಸೆಕೆಗೆ ಹಿಟ್ಟು ಮುಕ್ಕಾಲು ಗಂಟೆಯಲ್ಲೇ ಎರಡು ಪಟ್ಟು ಆಗುತ್ತದೆ. ರುಚಿ ಬರೋದು ನಿಧಾನಕ್ಕೆ ಉಬ್ಬಿದಾಗ, ಹಾಗಾಗಿ ಫ್ರಿಜ್ಜಿನ ನೀರಲ್ಲೇ ಕಲಸುತ್ತೇನೆ. ಮಳೆಗಾಲದಲ್ಲಿ ಮೈದಾವೇ ಗಾಳಿಯ ತೇವ ಎಳೆದುಕೊಂಡಿರುತ್ತದೆ, ಆಗ 300 ಮಿಲಿ ಜಾಸ್ತಿಯಾಗುತ್ತದೆ. 270ರಿಂದ ಶುರು ಮಾಡಿ, ಕೈಗೆ ಬೇಕನ್ನಿಸಿದಷ್ಟು ಸೇರಿಸುತ್ತಾ ಹೋಗೋದು. ಉಂಡೆಯೊಳಗೆ ಒಂದು ಚಮಚ ಈರುಳ್ಳಿ ಜಾಮ್ ಇಟ್ಟು ಮುಚ್ಚಿ, ಇನ್ನೊಮ್ಮೆ ಉಬ್ಬಿದ ಮೇಲೆ 190 ಡಿಗ್ರಿಯಲ್ಲಿ 20 ನಿಮಿಷ.

ಅಂಕೋಲೆಯ ಕರಿ ಇಶಾಡು ಮಾವಿಗೆ 2023ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ನನಗೆ ತುಂಬಾ ಖುಷಿಯಾಯಿತು. ತೆಳ್ಳಗಿನ ಸಿಪ್ಪೆ, ಒಳಗೆ ಬರೀ ರಸ. ಆದರೆ ದೂರ ಸಾಗಿಸಲು ಆಗೋದಿಲ್ಲ, ಮನೆಗೆ ತಂದರೂ ಬೇಗ ಕಳಿಯುತ್ತದೆ. ಇಂಥ ಹಣ್ಣನ್ನು ಜಾಮ್ ಮಾಡಿ ಉಳಿಸಿಕೊಳ್ಳೋದು ಒಳ್ಳೆಯದು ಅಲ್ವಾ? 1 ಕಿಲೋ ರಸಕ್ಕೆ ಒಂದು ಹುಳಿ ಮಾವಿನಕಾಯಿ ತುರಿದು ಹಾಕಿದರೆ ಹುಳಿಯೂ ಬಂತು, ಅಂಟೂ ಬಂತು. ಅಗಲ ಬಾಣಲೆಯಲ್ಲಿ ಸ್ವಲ್ಪ ಸ್ವಲ್ಪವೇ ಕಾಯಿಸಿದರೆ ನೀರು ಬೇಗ ಹೋಗುತ್ತದೆ, ಘಮ ಉಳಿಯುತ್ತದೆ. ದೊಡ್ಡ ಪಾತ್ರೆಯಲ್ಲಿ ಗಂಟೆಗಟ್ಟಲೆ ಕುದಿಸಿದರೆ ಇಶಾಡಿಗೂ ಬೇರೆ ಮಾವಿಗೂ ವ್ಯತ್ಯಾಸ ಇರೋದಿಲ್ಲ.

ಈಚೆಗೆ ಹಿಡಿದದ್ದು ಮುರುಗಲ ತುಪ್ಪದ ಬಿಸ್ಕತ್ತು. ಬೀಜದಿಂದ ತೆಗೆದ ಈ ತುಪ್ಪ ಬಿಳಿ ಹಳದಿ ಉಂಡೆಯಾಗಿ ಸಿಗುತ್ತದೆ, ಹಿಮ್ಮಡಿ ಒಡೆದರೆ ಹಚ್ಚಲು ಎಲ್ಲರ ಮನೆಯಲ್ಲೂ ಇರುತ್ತದೆ. ಬೇಸಿಗೆಯಲ್ಲೂ ಕರಗೋದಿಲ್ಲ, 40 ಡಿಗ್ರಿಯ ಹತ್ತಿರ ಬೇಕು. ಬೆಣ್ಣೆ ನಮ್ಮ ಸೆಕೆಗೆ ಕೈಯಲ್ಲೇ ನೀರಾಗುತ್ತದೆ. ಇದನ್ನು ತುರಿಮಣೆಯಲ್ಲಿ ತುರಿದು ಮೈದಾಕ್ಕೆ ಬೆರೆಸಿದರೆ ಪುಡಿ ಪುಡಿಯಾಗಿಯೇ ನಿಲ್ಲುತ್ತದೆ, ಬಿಸ್ಕತ್ತು ಗರಿಗರಿ ಆಗುತ್ತದೆ. ಪೂರ್ತಿ ಇದನ್ನೇ ಹಾಕಿದರೆ ತಿಂದ ಮೇಲೆ ನಾಲಿಗೆಯ ಮೇಲೆ ಪದರ ಕೂರುತ್ತದೆ. ಹಾಗಾಗಿ 200 ಗ್ರಾಂ ಮೈದಾಕ್ಕೆ 50 ಗ್ರಾಂ ಮುರುಗಲ ತುಪ್ಪ, 60 ಗ್ರಾಂ ಹಸುವಿನ ತುಪ್ಪ, 70 ಗ್ರಾಂ ಸಕ್ಕರೆ ಪುಡಿ. 160 ಡಿಗ್ರಿ, 20 ನಿಮಿಷ. ಅರ್ಧ ಮೈದಾ ತೆಗೆದು ಅಕ್ಕಿ ಹಿಟ್ಟು ಹಾಕಿದರೆ ಹೇಗಾಗುತ್ತದೆ ಅಂತ ಮುಂದಿನ ಸಲ ನೋಡಬೇಕು. ಹಪ್ಪಳ ಹೊಸೆಯಲು ತಂದ ಅಕ್ಕಿ ಹಿಟ್ಟು ಹೇಗೂ ಡಬ್ಬಿಯಲ್ಲಿ ಉಳಿದಿದೆ.