ಕೈ ನಡುಗಿದ್ದಲ್ಲ, ಫೋಕಸ್ ಹಿಂದೆ ಬಿದ್ದದ್ದು: ನನ್ನ ಅನುಭವ

ಸುಮಾರು ಎಂಟು ತಿಂಗಳು ನನ್ನ 50 ಎಂಎಂ ಲೆನ್ಸ್‌ನಲ್ಲಿ ಮುಖಗಳು ನೆಟ್ಟಗೆ ಬರುತ್ತಿರಲಿಲ್ಲ. ಎಫ್/1.8 ಇಟ್ಟರೆ, ಅಂದರೆ ಲೆನ್ಸಿನ ಕಿಂಡಿಯನ್ನ ಪೂರ್ತಿ ತೆರೆದರೆ, ಹತ್ತರಲ್ಲಿ ಆರೇಳು ಫೋಟೋ ಮಂಜುಮಂಜು. ಗೆಳೆಯರೆಲ್ಲರದೂ ಒಂದೇ ಮಾತು: "ನಿನ್ನ ಕೈ ನಡುಗುತ್ತೆ ಕಣೋ, ಶಟರ್ ಸ್ಪೀಡ್ ಏರಿಸು." ಏರಿಸಿದೆ. 1/200, 1/500, ಕೊನೆಗೆ 1/1000. ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಏರಿ ಫೋಟೋ ತರಿತರಿಯಾಯಿತೇ ಹೊರತು ಮಂಜು ಹೋಗಲಿಲ್ಲ.

ಒಂದು ರಾತ್ರಿ ಕೂತು ಹಳೇ ಫೋಟೋಗಳನ್ನೆಲ್ಲ ನೂರು ಪರ್ಸೆಂಟ್ ಜೂಮ್ ಮಾಡಿ ನೋಡಿದೆ. ಕೈ ಅಲುಗಿದ್ದರೆ ಕಣ್ಣೊಳಗಿನ ಬೆಳಕಿನ ಚುಕ್ಕಿ ಗೆರೆಯ ಹಾಗೆ ಎಳೆದುಕೊಂಡಿರಬೇಕು, ಅಲ್ವಾ? ಇಲ್ಲಿ ಚುಕ್ಕಿ ಗುಂಡಗೇ ಇತ್ತು, ಸ್ವಲ್ಪ ಊದಿಕೊಂಡಿತ್ತು ಅಷ್ಟೆ. ರೆಪ್ಪೆ ಕೂದಲು ಒಂದಕ್ಕೊಂದು ಅಂಟಿಕೊಂಡ ಹಾಗಿತ್ತು. ಆದರೆ ಕಿವಿಯ ಪಕ್ಕದ ಸಣ್ಣ ಕೂದಲು ಒಂದೊಂದನ್ನೂ ಎಣಿಸಬಹುದಿತ್ತು! ಒಂದೂವರೆ ಮೀಟರ್ ದೂರದಲ್ಲಿ, ನನ್ನ ಎಪಿಎಸ್-ಸಿ (ಚಿಕ್ಕ ಸೆನ್ಸರಿನ) ಕ್ಯಾಮೆರಾ ಬಾಡಿಯಲ್ಲಿ, ಎಫ್/1.8ಕ್ಕೆ ಚೂಪಾಗಿ ಸಿಗೋದು ಹೆಚ್ಚುಕಡಿಮೆ 6 ಸೆಂಟಿಮೀಟರ್ ಜಾಗ. ಅದು ಕಿವಿಯ ಹತ್ತಿರ ಹೋಗಿ ಕೂತರೆ ಕಣ್ಣಿಗೆ ಏನು ಉಳಿಯುತ್ತೆ?

ಮಾರನೇ ದಿನ ಕ್ಯಾಮೆರಾವನ್ನ ಟ್ರೈಪಾಡ್ ಮೇಲಿಟ್ಟೆ. ಲೈವ್ ವ್ಯೂನಲ್ಲಿ, ಅಂದರೆ ಹಿಂದಿನ ಪರದೆ ನೋಡಿ, ಫೋಕಸ್ ಮಾಡಿದರೆ ಚೂಪು. ಕಣ್ಣಿಟ್ಟು ನೋಡೋ ವ್ಯೂಫೈಂಡರ್‌ನಲ್ಲಿ ಮಾಡಿದರೆ ಮತ್ತೆ ಮಂಜು. ಅಲ್ಲಿಗೆ ಲೆನ್ಸಿನ ಗಾಜು ಚೆನ್ನಾಗಿದೆ ಅಂತ ಖಾತ್ರಿಯಾಯಿತು. ಇದು ಬ್ಯಾಕ್ ಫೋಕಸ್, ಅಂದರೆ ವ್ಯೂಫೈಂಡರ್‌ನಲ್ಲಿ ಮಾಡಿದ ಫೋಕಸ್ ಗುರಿಗಿಂತ ಹಿಂದೆ ಬೀಳೋದು.

ಅಷ್ಟರಲ್ಲಿ ದುಡ್ಡು ಹೋಗಿಯಾಗಿತ್ತು. ರಿಪೇರಿಯವರು ಹೇಳಿದ ಲೆಕ್ಕ ಹೊಸ ಲೆನ್ಸಿನ ಬೆಲೆಯ ಮುಕ್ಕಾಲು ಪಾಲು. ಅದರ ಬದಲು ಒಬ್ಬರ ಮಾತು ಕೇಳಿ ಸೆಕೆಂಡ್ ಹ್ಯಾಂಡ್ ಎಫ್/1.4 ಲೆನ್ಸ್ ತಂದೆ. ಅದೂ ಅದೇ ಬಾಡಿಯಲ್ಲಿ ಹಿಂದಕ್ಕೇ ಹೋಯಿತು. ಮಾರಿದಾಗ ಕಾಲು ಭಾಗ ನಷ್ಟ. ಆ ಲೆನ್ಸನ್ನೂ ಟ್ಯೂನ್ ಮಾಡಬಹುದಿತ್ತು ಅನ್ನೋದು ಈಗಲೂ ಹೊಟ್ಟೆ ಉರಿಸುತ್ತೆ.

ಮೆನುವಿನಲ್ಲಿ ಔಷಧಿ ಇತ್ತು. ನಿಕಾನ್‌ನಲ್ಲಿ ಎಎಫ್ ಫೈನ್ ಟ್ಯೂನ್, ಕ್ಯಾನನ್‌ನಲ್ಲಿ ಎಎಫ್ ಮೈಕ್ರೋಅಡ್ಜಸ್ಟ್‌ಮೆಂಟ್. ಎರಡರಲ್ಲೂ ಮೈನಸ್ 20ರಿಂದ ಪ್ಲಸ್ 20: ಮೈನಸ್ ಕೊಟ್ಟರೆ ಫೋಕಸ್ ಕ್ಯಾಮೆರಾ ಕಡೆಗೆ ಸರಿಯುತ್ತೆ, ಪ್ಲಸ್ ಕೊಟ್ಟರೆ ಹಿಂದಕ್ಕೆ. "ಅದನ್ನ ಮುಟ್ಟಬೇಡ, ಇನ್ನೂ ಕೆಡುತ್ತೆ" ಅಂದರು ಗೆಳೆಯರು. ಏನೂ ಕೆಡಲ್ಲ, ಸೊನ್ನೆಗೆ ತಂದರೆ ಮೊದಲಿದ್ದ ಹಾಗೆ.

ಮೊದಲ ಸಲ ಲೆಕ್ಕ ತಪ್ಪಿದ್ದು, ಫೋಕಸ್ ಎಲ್ಲಿ ಬಿತ್ತು ಅಂತ ಅಳೆಯೋಕೆ ಇಟ್ಟ ಸ್ಕೇಲಿನಿಂದ. ಸ್ಕೇಲನ್ನು ಓರೆಯಾಗಿಟ್ಟು ಅದರ ಮೇಲೇ ಫೋಕಸ್ ಮಾಡಿದ್ದೆ. ವ್ಯೂಫೈಂಡರ್‌ನಲ್ಲಿ ಕಾಣೋ ಚೌಕಕ್ಕಿಂತ ಅದರ ಹಿಂದಿನ ಸೆನ್ಸರ್ ಹಿಡಿಯೋ ಜಾಗ ದೊಡ್ಡದು. ಒಂದು ಸಲ 15 ಅನ್ನೋ ದಪ್ಪ ಅಂಕಿ ಹಿಡಿಯಿತು, ಇನ್ನೊಂದು ಸಲ 17. ಎರಡು ಸಂಜೆ ಸುಮ್ನೆ ಹೋಯಿತು. ಆಮೇಲೆ ರಾತ್ರಿ ಹಳದಿ ದೀಪದಲ್ಲಿ, ಅರ್ಧ ಮೀಟರ್ ದೂರದಿಂದ ಮಾಡಿದೆ. ಮೈನಸ್ 14 ಬಂತು. ಖುಷಿಯಾಗಿ ಬೆಳಿಗ್ಗೆ ಹೊರಗೆ ಹೋಗಿ ತೆಗೆದರೆ ಈಗ ಮೂಗು ಚೂಪು, ಕಣ್ಣು ಮಂಜು! ಬೆಳಕಿನ ಬಣ್ಣ ಬದಲಾದರೂ, ದೂರ ಬದಲಾದರೂ ಈ ಅಂಕಿ ಜರುಗುತ್ತೆ.

ಕೊನೆಗೆ ಕೈ ಹಿಡಿದದ್ದು ಹೀಗೆ. ಕ್ಯಾಮೆರಾಗೆ ನೇರ ಎದುರಾಗಿ ನೆಟ್ಟಗೆ ನಿಂತ ಚಪ್ಪಟೆ ಹಲಗೆ, ಅದರ ಪಕ್ಕ ಓರೆಯಾಗಿ ಸ್ಕೇಲ್. ಫೋಕಸ್ ಹಲಗೆಗೆ, ಓದೋದು ಸ್ಕೇಲನ್ನು. ಫೋಕಲ್ ಲೆಂತ್‌ನ (ಲೆನ್ಸಿನ ಎಂಎಂ ಅಂಕಿ, ನನ್ನದು 50) ಐವತ್ತು ಪಟ್ಟು ದೂರ, ಅಂದರೆ ಎರಡೂವರೆ ಮೀಟರ್. ಕಿಟಕಿ ಬೆಳಕು, ಎರಡು ಸೆಕೆಂಡ್ ಟೈಮರ್. ಪ್ರತಿ ಫೋಟೋಗೆ ಮುಂಚೆ ಲೆನ್ಸನ್ನು ಒಮ್ಮೆ ದೂರದ ತುದಿಗೆ, ಒಮ್ಮೆ ಹತ್ತಿರದ ತುದಿಗೆ ತಿರುಗಿಸಬೇಕು. ಇದನ್ನ ಬಿಟ್ಟರೆ ಲೆಕ್ಕ ನಂಬಬೇಡಿ. ಒಂದೊಂದು ಅಂಕಿಗೂ ಹತ್ತು ಫೋಟೋ ತೆಗೆದೆ. ಮೈನಸ್ 7 ಅಥವಾ 8ಕ್ಕೆ ನಿಂತಿತು. ಹಲಗೆಗೆ ಯಾವ ಚಿತ್ರ ಅಂಟಿಸುತ್ತೇನೆ ಅನ್ನೋದನ್ನ ಮಾತ್ರ ಹೇಳಲ್ಲ. ಅದಕ್ಕೆ ಮೂವತ್ತು ನಲವತ್ತು ಹಾಳೆ ಹಾಳು ಮಾಡಿದ್ದೇನೆ.

ಈಗ ಹತ್ತರಲ್ಲಿ ಎಂಟೊಂಬತ್ತು ಫೋಟೋದಲ್ಲಿ ರೆಪ್ಪೆ ಕೂದಲು ಬಿಡಿಬಿಡಿಯಾಗಿ ಕಾಣುತ್ತೆ. ಅದೇ ಲೆನ್ಸ್, ಅದೇ ಕೈ.

ಹಲಗೆ ಹೇಗೂ ನಿಂತಿತ್ತಲ್ಲ, ಲೆನ್ಸಿನ ಮುಂದೆ ಹಾಕೋ ಗಾಜು, ಯುವಿ ಫಿಲ್ಟರನ್ನೂ ಹಾಕಿ ತೆಗೆದು ನೋಡಿದೆ. ಫೋಕಸ್‌ಗೆ ಏನೂ ವ್ಯತ್ಯಾಸವಿಲ್ಲ. ಆದರೆ ರಾತ್ರಿ ಫೋಟೋ ತೆಗೆದಾಗ ದೀಪವೊಂದರ ಹಸಿರು ನೆರಳು ಫೋಟೋದ ಇನ್ನೊಂದು ಮೂಲೆಯಲ್ಲಿ ತೇಲಾಡುತ್ತಿತ್ತು, ಅದು ಫಿಲ್ಟರ್ ತೆಗೆದ ಕೂಡಲೇ ಮಾಯ. ಅವತ್ತಿಂದ ಹುಡ್ (ಲೆನ್ಸಿನ ಮುಂದೆ ಹಾಕೋ ಬೆಳಕಿನ ಮರೆ) ಮಾತ್ರ. ಹಾಗೇ ಬಿಳಿ ಗೋಡೆಗೆ ಎಫ್/16ರಲ್ಲಿ ಒಂದು ಫೋಟೋ ತೆಗೆದರೆ ಸೆನ್ಸರ್ ಮೇಲೆ ನಾಲ್ಕೈದು ಧೂಳಿನ ಕಲೆ. ಬಾಡಿ ಬಾಯಿ ಕೆಳಗೆ ಮಾಡಿ ಕೈ ಬ್ಲೋವರ್‌ನಿಂದ ಊದಿದೆ, ಒಂದು ಬಿಟ್ಟು ಎಲ್ಲ ಹೋಯಿತು.

"ಕೈ ನಡುಗುತ್ತೆ" ಅಂದವನೇ ಹೋದ ತಿಂಗಳು ತನ್ನ 70-200 ಎಂಎಂ ಜೂಮ್ ಲೆನ್ಸ್ ತಗೊಂಡು ಬಂದ. ಅವನದು ಕ್ಯಾನನ್ 5ಡಿ ಮಾರ್ಕ್ 3, 2012ರ ಬಾಡಿ, ಜೂಮ್‌ನ ಎರಡು ತುದಿಗೂ ಬೇರೆ ಬೇರೆ ಅಂಕಿ ಕೊಡಬಹುದು. 70ರಲ್ಲಿ ಸೊನ್ನೆಗೇ ಸರಿ ಇತ್ತು. 200ರಲ್ಲಿ ಫೋಕಸ್ ಮುಂದೆ ಬೀಳುತ್ತಿತ್ತು, ಪ್ಲಸ್ 5 ಕೊಟ್ಟೆ. 200ರ ಐವತ್ತು ಪಟ್ಟು ಅಂದರೆ ಹತ್ತು ಮೀಟರ್. ಅಷ್ಟು ಉದ್ದ ಮನೆಯೊಳಗೆ ಸಿಗದೆ ಹಲಗೆಯನ್ನ ಹೊರಗೆ ಹೊತ್ತುಕೊಂಡು ಹೋಗಿದ್ದು ಅವನೇ.