ಗ್ರೌಸ್ ಬೇಟೆ ನಿಷೇಧ ಬೇಕೋ ಬೇಡವೋ: ಚರ್ಚಾ ಸ್ಪರ್ಧೆಗೆ ತಯಾರಾಗೋದು ಹೇಗೆ

ಹಿಂದೊಮ್ಮೆ ದಾವಣಗೆರೆಯ ಒಂದು ಕಾಲೇಜಿನ ಹುಡುಗರನ್ನು ಚರ್ಚಾ ಸ್ಪರ್ಧೆಗೆ ತಯಾರು ಮಾಡುವ ಕೆಲಸ ನನ್ನ ಮೇಲೆ ಬಿತ್ತು. ಚೀಟಿ ಎತ್ತಿದಾಗ ಬಂದ ವಿಷಯ: ಬ್ರಿಟನ್ನಿನಲ್ಲಿ ಗ್ರೌಸ್ ಹಕ್ಕಿಗಳನ್ನು ಅಟ್ಟಿ ಹೊಡೆಯುವ ಬೇಟೆಯನ್ನು ನಿಷೇಧಿಸಬೇಕು. ನಮ್ಮದು ಪರ. ಇದೇನು ಮಹಾ, ಹಕ್ಕಿ ಹೊಡೆಯೋದು ತಪ್ಪು ಅಂದರೆ ಮುಗೀತು ಅಂದುಕೊಂಡೆವು. ನಮ್ಮ ಹುಡುಗ ಐದು ನಿಮಿಷ ಮೂಕಪ್ರಾಣಿ, ಅಹಿಂಸೆ, ಬ್ರಿಟಿಷರ ಸೊಕ್ಕು ಅಂತ ಚೆನ್ನಾಗೇ ಗುಡುಗಿದ, ಮಧ್ಯೆ ಒಂದು ವಚನವನ್ನೂ ಹೇಳಿದ, ಚಪ್ಪಾಳೆಯೂ ಬಿತ್ತು. ಆಮೇಲೆ ಎದುರು ತಂಡದ ಹುಡುಗಿ ಎದ್ದು ಒಂದೇ ಒಂದು ಪ್ರಶ್ನೆ ಕೇಳಿದಳು. "ನಾಳೆಯಿಂದ ಬೇಟೆ ನಿಂತಿತು ಅಂತಿಟ್ಟುಕೊಳ್ಳಿ. ನಾಡಿದ್ದಿನಿಂದ ಆ ಗುಡ್ಡ ಏನಾಗುತ್ತೆ?"

ನಮ್ಮವನಿಗೆ ಯಾವ ಗುಡ್ಡ ಅಂತಲೇ ಗೊತ್ತಿರಲಿಲ್ಲ. ತಪ್ಪು ಅವನದಲ್ಲ, ನನ್ನದು. ನಾನೂ ಓದಿರಲಿಲ್ಲ. ಸೋತ ಮೇಲೆ ಕೂತು ಓದಿದೆ. ನಿಮಗೂ ಇದೇ ಚೀಟಿ ಬಂದರೆ ಹೀಗೆ ತಯಾರಾಗಿ.

ಮೊದಲು ಹಕ್ಕಿಯನ್ನು ತಿಳ್ಕೊಳ್ಳಿ. ಇದು ಕೆಂಪು ಗ್ರೌಸ್. ನಮ್ಮ ಜಗಳೂರು, ಚಳ್ಳಕೆರೆ ಕಡೆ ಬೇಲಿ ಸಾಲಲ್ಲಿ ಗಂಟಲು ಹರಿಯೋ ಹಾಗೆ ಕೂಗುವ ಕೌಜುಗ ಇದೆಯಲ್ಲ, ಅದರ ದೂರದ ನೆಂಟ ಅನ್ನಿ. ಮೈಕಟ್ಟಿನಲ್ಲಿ ಅದಕ್ಕಿಂತ ದಪ್ಪ. ಬ್ರಿಟನ್ ಮತ್ತು ಐರ್ಲೆಂಡಿನ ಎತ್ತರದ ಬಯಲುಗಳಲ್ಲಿ ಬಿಟ್ಟರೆ ಬೇರೆಲ್ಲೂ ಈ ಬಗೆ ಸಿಗಲ್ಲ. ಅಲ್ಲಿ ಬೆಳೆಯುವ ಹೆದರ್ ಅನ್ನೋ ಕುರುಚಲು ಗಿಡದ ಎಳೆ ಚಿಗುರೇ ಇದರ ಊಟ. (ಹೆದರ್ ಅಂದಾಗ ಸಭೆ ನಗುತ್ತೆ, ನಗಲಿ, ನೀವು ಮಾತ್ರ ಹೆದರಬೇಡಿ.) ಮುಖ್ಯವಾದ ಮಾತು ಏನಂದರೆ ಇದು ಸಾಕಿದ ಹಕ್ಕಿ ಅಲ್ಲ. ಅಲ್ಲಿ ಫೆಸೆಂಟ್ ಅನ್ನೋ ಇನ್ನೊಂದು ಹಕ್ಕಿಯನ್ನು ಫಾರಂ ಕೋಳಿ ಥರ ಸಾಕಿ, ಕೋಟಿಗಟ್ಟಲೆ ಹೊರಗೆ ಬಿಟ್ಟು ಹೊಡೀತಾರೆ. ಗ್ರೌಸ್ ಹಾಗಲ್ಲ, ಕಾಡಲ್ಲೇ ಮೊಟ್ಟೆಯೊಡೆದು ಕಾಡಲ್ಲೇ ಬೆಳೆದದ್ದು. ವೇದಿಕೆ ಮೇಲೆ "ಸಾಕಿ ಕೊಲ್ಲುತ್ತಾರೆ" ಅಂದರೆ ನಿಮ್ಮ ಕಥೆ ಅಲ್ಲಿಗೇ ಮುಗೀತು.

ಆಮೇಲೆ ಬೇಟೆ ಹೇಗೆ ನಡೆಯುತ್ತೆ ಅನ್ನೋದು. ಕಾಲ ಆಗಸ್ಟ್ 12ರಿಂದ ಡಿಸೆಂಬರ್ 10. ಶುರುವಿನ ದಿನ ಅಲ್ಲಿ ಒಂಥರಾ ಹಬ್ಬ. ಗ್ರೌಸ್ ಹೊಡೆಯೋಕೆ ಎರಡು ದಾರಿ ಇವೆ. ಒಂದು, ನಾಯಿ ಕಟ್ಟಿಕೊಂಡು ನಡೆದು ಹೋಗಿ, ಎದ್ದ ಹಕ್ಕಿಯನ್ನು ಹೊಡೆಯೋದು. ಇನ್ನೊಂದು, ಕೋವಿ ಹಿಡಿದವರು ಕಲ್ಲು ಅಥವಾ ಹುಲ್ಲುಹೆಂಟೆಯಿಂದ ಕಟ್ಟಿದ ಮರೆಯ ಹಿಂದೆ ಸಾಲಾಗಿ ನಿಲ್ಲೋದು, ಕೂಲಿ ಜನ ಬಾವುಟ ಬೀಸುತ್ತಾ ಗದ್ದಲ ಮಾಡುತ್ತಾ ದೂರದಿಂದ ಹಕ್ಕಿಗಳನ್ನು ಅವರ ಕಡೆಗೆ ಎಬ್ಬಿಸಿಕೊಂಡು ಬರೋದು. ನಮ್ಮ ಹಳೇ ಬೇಟೆಗಾರರ ಭಾಷೆಯಲ್ಲಿ ಹೇಳೋದಾದರೆ ಸೋವು. ನಿಷೇಧಿಸಿ ಅಂತ ಕೂಗು ಇರೋದು ಮುಖ್ಯವಾಗಿ ಈ ಎರಡನೆಯದರ ಮೇಲೆ. ವಿಷಯದ ವಾಕ್ಯದಲ್ಲಿ "ಅಟ್ಟಿ" ಅನ್ನೋ ಒಂದು ಪದ ಇತ್ತಲ್ಲ, ಅರ್ಧ ಚರ್ಚೆ ಅದರಲ್ಲೇ ಇದೆ. ನಾವು ಅದನ್ನೇ ಬಿಟ್ಟು ಬೇರೆಲ್ಲ ಮಾತಾಡಿದ್ವಿ.

ಯಾಕೆ ಅಂತ ಹೇಳ್ತೀನಿ. ನಡೆದು ಹೊಡೆಯೋದಕ್ಕೆ ಗುಡ್ಡದಲ್ಲಿ ನಾಲ್ಕು ಹಕ್ಕಿ ಇದ್ದರೂ ಸಾಕು. ಅಟ್ಟಿ ಹೊಡೆಯೋದಕ್ಕೆ ಸಾಲದು, ಹಿಂಡು ಹಿಂಡಾಗಿ ಬರಬೇಕು. ದುಡ್ಡು ಕೊಟ್ಟು ಬಂದವರು ಮರೆಯಲ್ಲಿ ಸುಮ್ನೆ ನಿಂತು ಮಳೆಯಲ್ಲಿ ನೆನೆದು ಹೋಗೋಕಾಗುತ್ತಾ? ಇಂಗ್ಲೆಂಡಿನ ಲ್ಯಾಂಕಾಶೈರ್‌ನಲ್ಲಿ 1915ರ ಆಗಸ್ಟ್ 12ರಂದು ಎಂಟು ಕೋವಿಗಳು ಒಂದೇ ದಿನ 2,929 ಹಕ್ಕಿ ಬೀಳಿಸಿದ್ದವು. ಅಷ್ಟು ಹಕ್ಕಿ ತಾನಾಗೇ ಒಂದು ಗುಡ್ಡದಲ್ಲಿ ಇರಲ್ಲ. ಇರೋ ಹಾಗೆ ಮಾಡಬೇಕು. ಅದಕ್ಕೆ ಗೇಮ್‌ಕೀಪರ್ ಅಂತ ಸಂಬಳದ ಆಳುಗಳಿದ್ದಾರೆ. ಅವರು ನರಿ, ಕಾಗೆ, ಸ್ಟೋಟ್ ಅನ್ನೋ ಮುಂಗುಸಿಯಂಥ ಪ್ರಾಣಿ ಇವನ್ನೆಲ್ಲ ಕೊಲ್ಲುತ್ತಾರೆ, ಅದಕ್ಕೆ ಕಾನೂನಿನ ಅಡ್ಡಿಯಿಲ್ಲ. ಹಕ್ಕಿಗಳಿಗೆ ಜಂತುಹುಳ ಆದರೆ ಸಂಖ್ಯೆ ಧಡಕ್ಕನೆ ಬಿದ್ದುಹೋಗುತ್ತೆ, ಅದಕ್ಕೆ ಔಷಧಿ ಹಚ್ಚಿದ ಹರಳುಮರಳನ್ನು ಅಲ್ಲಲ್ಲಿ ಇಡುತ್ತಾರೆ. ಆಮೇಲೆ ಗುಡ್ಡಕ್ಕೆ ಬೆಂಕಿ ಇಡುತ್ತಾರೆ.

ಈ ಬೆಂಕಿ ವಿಷಯ ನಮ್ಮೂರಿನವರಿಗೆ ಹೇಳಿಕೊಡಬೇಕಾಗಿಯೇ ಇಲ್ಲ. ಬೇಸಿಗೆಯಲ್ಲಿ ಒಣಹುಲ್ಲಿಗೆ ಕಿಡಿ ತಾಗಿಸಿದರೆ ಮೊದಲ ಮಳೆಗೆ ಕುರಿಗೆ ಎಳೇ ಹುಲ್ಲು ಸಿಗುತ್ತೆ ಅಂತ ಗುಡ್ಡದ ಅಂಚಿನ ಊರುಗಳಲ್ಲಿ ಯಾರನ್ನು ಕೇಳಿದರೂ ಹೇಳ್ತಾರೆ, ಅದಕ್ಕೆ ಅರಣ್ಯ ಇಲಾಖೆಯವರ ಹತ್ತಿರ ಬೈಸಿಕೊಂಡವರೂ ಇದ್ದಾರೆ. ಅಲ್ಲೂ ಅದೇ ಲೆಕ್ಕ. ಹೆದರ್ ಬೆಳೆದು ಮುದಿಯಾದರೆ ತಿನ್ನೋಕೆ ಬರಲ್ಲ. ಪಟ್ಟಿ ಪಟ್ಟಿಯಾಗಿ ಸುಡ್ತಾರೆ, ಸುಟ್ಟ ಕಡೆ ಚಿಗುರು, ಸುಡದ ಕಡೆ ಅಡಗೋಕೆ ಜಾಗ. ಮೇಲಿನಿಂದ ತೆಗೆದ ಫೋಟೊ ನೋಡಿದರೆ ಕೌದಿಗೆ ತೇಪೆ ಹಾಕಿದ ಹಾಗೆ ಕಾಣುತ್ತೆ. ಆದರೆ ಒಂದು ವ್ಯತ್ಯಾಸ ಇದೆ, ಇದನ್ನು ಖಂಡಿತ ಹೇಳಿ. ನಮ್ಮ ಕಾವಲಿನ ಹುಲ್ಲಿನ ಕೆಳಗೆ ಇರೋದು ಗರಸು ಮಣ್ಣು, ಕಲ್ಲು. ಅಲ್ಲಿ ಬಹಳ ಕಡೆ ಕೆಳಗಿರೋದು ಪೀಟ್: ನೀರು ನಿಂತ ನೆಲದಲ್ಲಿ ಗಿಡಗಳು ಪೂರ್ತಿ ಕೊಳೆಯದೆ ಸಾವಿರಾರು ವರ್ಷ ಪದರ ಪದರವಾಗಿ ಕೂತು ಆದ ಕಪ್ಪು ಮಣ್ಣು. ಅದರಲ್ಲಿ ಇಂಗಾಲ ತುಂಬಿರುತ್ತೆ. ಒದ್ದೆ ಇರೋವರೆಗೆ ಅಲ್ಲೇ ಇರುತ್ತೆ, ಒಣಗಿದರೆ, ಸುಟ್ಟರೆ ಗಾಳಿಗೆ ಹೋಗುತ್ತೆ. ಇದೇ ಕಾರಣಕ್ಕೆ ಇಂಗ್ಲೆಂಡಿನಲ್ಲಿ 2021ರಲ್ಲಿ ಒಂದು ನಿಯಮ ತಂದರು. ಸಂರಕ್ಷಿತ ಜಾಗಗಳಲ್ಲಿ 40 ಸೆಂಟಿಮೀಟರ್‌ಗಿಂತ ಆಳದ ಪೀಟ್ ಮೇಲೆ ಪರವಾನಗಿ ಇಲ್ಲದೆ ಸುಡುವಂತಿಲ್ಲ ಅಂತ. 2025ರಲ್ಲಿ ಆ ಆಳವನ್ನು 30 ಸೆಂಟಿಮೀಟರ್‌ಗೆ ಇಳಿಸಿ ನಿಯಮವನ್ನು ಇನ್ನೂ ಬಿಗಿ ಮಾಡಿದರು.

ಇಷ್ಟು ಅರ್ಥ ಆದರೆ ಮಿಕ್ಕಿದ್ದೆಲ್ಲ ಒಂದರ ಹಿಂದೆ ಒಂದು ತಾನೇ ಬರುತ್ತೆ. ಇದು ಹಕ್ಕಿ ಕೊಲ್ಲಬೇಕೋ ಬೇಡವೋ ಅನ್ನೋ ಜಗಳ ಕಡಿಮೆ. ಒಂದು ಹಕ್ಕಿ ಅತಿಯಾಗಿ ಇರಲಿ ಅಂತ ಇಡೀ ಗುಡ್ಡವನ್ನು ಒಂದು ರೀತಿಯಲ್ಲಿ ಇಟ್ಟುಕೊಳ್ಳೋದು ಸರಿಯೋ ಅನ್ನೋ ಜಗಳ.

ಪರ ಮಾತಾಡೋರು ನೀವಾದರೆ ಅಹಿಂಸೆಯಿಂದ ಶುರು ಮಾಡಬೇಡಿ, ಗಿಡುಗದಿಂದ ಶುರು ಮಾಡಿ. ಹೆನ್ ಹ್ಯಾರಿಯರ್ ಅಂತ ಒಂದು ಗಿಡುಗ ಇದೆ, ಗ್ರೌಸ್ ಮರಿ ತಿನ್ನುತ್ತೆ. ಇದರ ಅಣ್ಣತಮ್ಮಂದಿರು ಚಳಿಗಾಲದಲ್ಲಿ ದಖ್ಖನಿನ ನಮ್ಮ ಹುಲ್ಲುಗಾವಲುಗಳಿಗೂ ಬರ್ತಾರೆ, ಹಕ್ಕಿ ನೋಡುವ ಹವ್ಯಾಸದವರು ಸೆಳೆವ ಅಂತಾರೆ. ಬ್ರಿಟನ್ನಿನಲ್ಲಿ ಹೆನ್ ಹ್ಯಾರಿಯರ್ ಕೊಲ್ಲೋದು ಅಪರಾಧ, 1981ರ ಕಾಯ್ದೆಯಲ್ಲಿ ಪೂರ್ತಿ ರಕ್ಷಣೆ ಇದೆ. ಆದರೂ ಮೈಗೆ ಉಪಗ್ರಹ ಟ್ಯಾಗ್ ಕಟ್ಟಿ ಬಿಟ್ಟ 58 ಹ್ಯಾರಿಯರ್‌ಗಳ ಲೆಕ್ಕ ತೆಗೆದು 2019ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದ್ದು, ಅವುಗಳಲ್ಲಿ ಶೇ 72ರಷ್ಟು ಅಕ್ರಮವಾಗಿ ಕೊಲೆಯಾಗಿವೆ, ಅಥವಾ ಹಾಗೇ ಆಗಿರುವ ಸಾಧ್ಯತೆ ಬಹಳ ಹೆಚ್ಚು ಅಂತ. "ಅಥವಾ" ನಂತರದ ಭಾಗವನ್ನು ನುಂಗಬೇಡಿ. ಎದುರಿನವರು ಓದಿಕೊಂಡು ಬಂದಿದ್ದರೆ ಅಲ್ಲೇ ಹಿಡೀತಾರೆ. 2013ರಲ್ಲಂತೂ ಇಡೀ ಇಂಗ್ಲೆಂಡಿನಲ್ಲಿ ಒಂದೇ ಒಂದು ಗೂಡಿನಿಂದಲೂ ಮರಿ ಹಾರಲಿಲ್ಲ.

ಇದಾದ ಮೇಲೆ ಪೀಟ್, ಬೆಂಕಿ, ನೀರು. ಆಮೇಲೆ ಜನ ಏನು ಮಾಡಿದರು ಅನ್ನೋದು. ಅಲ್ಲಿ ಪಾರ್ಲಿಮೆಂಟಿಗೆ ಆನ್‌ಲೈನ್ ಅರ್ಜಿ ಹಾಕಬಹುದು, 1 ಲಕ್ಷ ಸಹಿ ದಾಟಿದರೆ ಚರ್ಚೆಗೆ ತೆಗೆದುಕೊಳ್ಳೋ ಬಗ್ಗೆ ಯೋಚಿಸುತ್ತಾರೆ. ಮಾರ್ಕ್ ಏವರಿ ಅನ್ನೋ ಪಕ್ಷಿ ಸಂರಕ್ಷಕರು ಹಾಕಿದ ಅರ್ಜಿಗೆ 1 ಲಕ್ಷ 23 ಸಾವಿರಕ್ಕೂ ಜಾಸ್ತಿ ಸಹಿ ಬಿದ್ದು 2016ರ ಅಕ್ಟೋಬರ್ 31ಕ್ಕೆ ಚರ್ಚೆ ಆಯಿತು. ಅವರೇ ಕ್ರಿಸ್ ಪ್ಯಾಕಮ್, ರುತ್ ಟಿಂಗೆ ಅನ್ನೋ ಇನ್ನಿಬ್ಬರು ಸಂರಕ್ಷಕರ ಜೊತೆ ಸೇರಿ ವೈಲ್ಡ್ ಜಸ್ಟಿಸ್ ಅಂತ ಸಂಸ್ಥೆ ಕಟ್ಟಿದರು. 2021ರಲ್ಲಿ, 2025ರಲ್ಲಿ ಮತ್ತೆ ಚರ್ಚೆ ಆಯಿತು. ಮೂರು ಸಲವೂ ಸರ್ಕಾರ ನಿಷೇಧಕ್ಕೆ ಒಪ್ಪಲಿಲ್ಲ.

ವಿರೋಧ ಮಾತಾಡೋದು ಬಂದರೆ ಮುಖ ಸಣ್ಣ ಮಾಡ್ಕೋಬೇಡಿ, ನನ್ನ ಪ್ರಕಾರ ಅದರಲ್ಲಿ ಚರ್ಚೆಗೆ ಸರಕು ಜಾಸ್ತಿ ಇದೆ. ಇಂಗ್ಲೆಂಡಿನ ನಾರ್ಥಂಬರ್‌ಲ್ಯಾಂಡಿನ ಆಟರ್ಬರ್ನ್‌ನಲ್ಲಿ 2000ದಿಂದ 2008ರವರೆಗೆ ಒಂದು ಪ್ರಯೋಗ ನಡೆಯಿತು. ನರಿ, ಕಾಗೆ ಹತೋಟಿಯಲ್ಲಿಟ್ಟ ಜಾಗದಲ್ಲಿ ಕರ್ಲ್ಯೂ, ಗೋಲ್ಡನ್ ಪ್ಲವರ್, ಲ್ಯಾಪ್‌ವಿಂಗ್‌ನಂಥ ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳು ಮರಿ ಮಾಡೋದರಲ್ಲಿ ಸುಮಾರು ಮೂರು ಪಟ್ಟು ಗೆದ್ದವು. ಲ್ಯಾಪ್‌ವಿಂಗ್ ಅಂದರೆ ನಮ್ಮ ಟಿಟ್ಟಿಭದ ಬಳಗ. ಅಂದರೆ ಗೇಮ್‌ಕೀಪರ್ ಗ್ರೌಸ್‌ಗೋಸ್ಕರ ಮಾಡೋ ಕೆಲಸದಲ್ಲಿ ಬೇರೆ ಹಕ್ಕಿಗಳೂ ಬದುಕಿಕೊಳ್ತವೆ. ಜೊತೆಗೆ ಆ ದೂರದ ಹಳ್ಳಿಗಳಲ್ಲಿ ಬೇರೆ ಕೆಲಸ ಕಡಿಮೆ. ಬೇಟೆ ನಿಂತರೆ ಜಮೀನುದಾರ ಗುಡ್ಡವನ್ನು ಹಾಗೇ ಬಿಡ್ತಾನೆ ಅಂತ ಏನು ಗ್ಯಾರಂಟಿ? ದಟ್ಟವಾಗಿ ಪೈನ್ ಜಾತಿಯ ಮರ ನೆಡಬಹುದು, ಕುರಿ ತುಂಬಬಹುದು.

ಇಲ್ಲಿ ಚಳ್ಳಕೆರೆಯನ್ನು ತನ್ನಿ. ಅಮೃತಮಹಲ್ ಕಾವಲು ದನ ಮೇಯೋಕೆ ಅಂತ ಮೈಸೂರು ಅರಸರ ಕಾಲದಿಂದ ಇಟ್ಟ ಹುಲ್ಲುಗಾವಲು. ಕುದಾಪುರ, ಉಳ್ಳಾರ್ತಿ ಕಡೆ ಅದರ ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಯಿತು, ಬೇಲಿ ಎದ್ದಿತು, ಕುರಿಗಾಹಿಗಳು ಹಸಿರು ನ್ಯಾಯಮಂಡಳಿಯವರೆಗೂ ಹೋದರು. ಹುಲ್ಲುಗಾವಲನ್ನು ಬಳಸುವವನು ಇಲ್ಲ ಅಂತ ಕಂಡರೆ ಅದು ಬೀಳು ಭೂಮಿ ಅಂತ ಲೆಕ್ಕಕ್ಕೆ ಹೋಗುತ್ತೆ. ತೀರ್ಪುಗಾರರಿಗೆ ಇಂಗ್ಲೆಂಡಿನ ಯಾರ್ಕ್‌ಶೈರ್ ಗೊತ್ತಿಲ್ಲದಿದ್ದರೂ ಚಳ್ಳಕೆರೆ ಗೊತ್ತು.

ಆದರೆ ಹೋಲಿಕೆಯನ್ನು ಜಾಸ್ತಿ ಎಳೆಯಬೇಡಿ. ಕಾವಲು ಸರ್ಕಾರದ್ದು, ಊರಿನ ದನ ಕುರಿ ಮೇಯ್ದದ್ದು. ಅಲ್ಲಿನ ಬೇಟೆಗುಡ್ಡಗಳು ಬಹುಪಾಲು ಖಾಸಗಿ ಎಸ್ಟೇಟುಗಳು. ಹಾಗೇ, "ನಮ್ಮಲ್ಲಿ 1972ರಲ್ಲೇ ವನ್ಯಜೀವಿ ಕಾಯ್ದೆ ಬಂತು, ಅವರೂ ತರಲಿ" ಅಂತ ಎದೆ ತಟ್ಟಿಕೊಳ್ಳೋ ಮುಂಚೆ ಒಮ್ಮೆ ಯೋಚಿಸಿ. ಎದುರಿನವನು "ಹೌದಲ್ವಾ, ಹಾಗಾದರೆ ಈಗ ಕೌಜುಗಕ್ಕೆ ಉರುಳು ಒಡ್ಡೋರು ಯಾರೂ ಇಲ್ಲವೋ?" ಅಂತ ಕೇಳಿದರೆ ಸಭೆಯಲ್ಲಿ ಅರ್ಧ ಜನ ಮುಸಿಮುಸಿ ನಗ್ತಾರೆ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕೊಂಡುಕುರಿ ಧಾಮದ ಉದಾಹರಣೆ ಕೊಡೋದಾದರೆ, ಅಲ್ಲಿ ಆ ಪ್ರಾಣಿ ಉಳಿದಿರೋದಕ್ಕೆ ಬೇಟೆ ನಿಷೇಧದ ಜೊತೆ ಕಾಡಿಗೂ ಒಂದು ಗಡಿ, ಒಂದು ಕಾವಲು ಸಿಕ್ಕಿದೆ ಅಂತ ಸೇರಿಸಿಯೇ ಹೇಳಿ.

ಯಾವ ಕಡೆ ನಿಂತರೂ ಸ್ಕಾಟ್ಲೆಂಡ್ ಕಿಸೆಯಲ್ಲಿರಲಿ. ಅವರು ನಿಷೇಧಿಸಲಿಲ್ಲ, ಸುಮ್ನೆ ಬಿಡಲೂ ಇಲ್ಲ. 2024ರ ಕಾಯ್ದೆಯಲ್ಲಿ ಗ್ರೌಸ್ ಹೊಡೆಯೋ ಜಮೀನಿಗೆ ಲೈಸೆನ್ಸ್ ಬೇಕು ಅಂತ ಮಾಡಿದರು. ಆ ಜಾಗದಲ್ಲಿ ಗಿಡುಗ ಕೊಂದ ಸಾಕ್ಷಿ ಸಿಕ್ಕರೆ, ಕೋರ್ಟಿನಲ್ಲಿ ಶಿಕ್ಷೆ ಆಗದಿದ್ದರೂ ಲೈಸೆನ್ಸ್ ಕಿತ್ತುಕೊಳ್ಳಬಹುದು. ಉರುಳು ಹಾಕೋದನ್ನೂ ಅದೇ ಕಾಯ್ದೆಯಲ್ಲಿ ನಿಷೇಧಿಸಿದರು. ಪರ ಇರೋರು "ಲೈಸೆನ್ಸ್ ಕೊಟ್ಟರೂ ಬೆಂಕಿ, ಅತಿಯಾದ ಹಕ್ಕಿ ಹಾಗೇ ಇರುತ್ತೆ" ಅನ್ನಬೇಕು. ವಿರೋಧ ಇರೋರು "ರೋಗಕ್ಕೆ ಔಷಧಿ ಇರುವಾಗ ಕಾಲು ಯಾಕೆ ಕತ್ತರಿಸ್ತೀರಿ" ಅನ್ನಬೇಕು. ನನಗೆ ಕೇಳಿದರೆ, ಲೈಸೆನ್ಸ್ ಕೆಲವು ವರ್ಷ ನಡೆದು ನೋಡಲಿ ಅನ್ನೋ ಕಡೆ ವಾಲ್ತೀನಿ. ಆದರೆ ಸ್ಪರ್ಧೆಯಲ್ಲಿ ವಾಲೋರಿಗೆ ಅಂಕ ಕೊಡಲ್ಲ.

ಅಭ್ಯಾಸಕ್ಕೆ ಒಂದೇ ಸೂತ್ರ: ಪಕ್ಷ ಬದಲಿಸಿ ಮಾತಾಡಿ. ಇವತ್ತು ಪರ ಇದ್ದೋರು ನಾಳೆ ವಿರೋಧ. ಕಾಗದ ನೋಡದೆ, ಮಂಡಕ್ಕಿ ಮಿರ್ಚಿ ತಿನ್ನುತ್ತಾ ಕೂತಲ್ಲೇ. ಹ್ಯಾರಿಯರ್ ಲೆಕ್ಕ, ಆಟರ್ಬರ್ನ್ ಲೆಕ್ಕ ಎರಡನ್ನೂ ಬಾಯಿಪಾಠ ಮಾಡಿ, ಬೇರೆ ಅಂಕಿಗಳ ಹಿಂದೆ ಬೀಳಬೇಡಿ, ಐದು ನಿಮಿಷದಲ್ಲಿ ಐದಾರು ಅಂಕಿಗಿಂತ ಜಾಸ್ತಿ ಯಾರ ತಲೆಯಲ್ಲೂ ನಿಲ್ಲಲ್ಲ.

ಇನ್ನು ಆ ಹುಡುಗಿಯ ಪ್ರಶ್ನೆ. ಅದು ಖಂಡಿತ ಬರುತ್ತೆ, ಕೊನೇ ಒಂದು ನಿಮಿಷ ಅದಕ್ಕೇ ಇಟ್ಟುಕೊಳ್ಳಿ. ಉತ್ತರದ ಹೆಸರು ಲ್ಯಾಂಗಮ್, ಸ್ಕಾಟ್ಲೆಂಡಿನ ದಕ್ಷಿಣದ ಊರು. ಅಲ್ಲಿನ ಬೇಟೆಗುಡ್ಡದಲ್ಲಿ 1992ರಲ್ಲಿ ಹ್ಯಾರಿಯರ್‌ಗೆ ಯಾರೂ ತೊಂದರೆ ಕೊಡಬಾರದು ಅಂತ ಅಧ್ಯಯನ ಶುರು ಮಾಡಿದರು. ಗೂಡು ಕಟ್ಟುವ ಹೆಣ್ಣು ಹ್ಯಾರಿಯರ್‌ಗಳು 2 ಇದ್ದದ್ದು 1997ಕ್ಕೆ 20 ಆದವು. ಗ್ರೌಸ್ ಸಂಖ್ಯೆ ಇಳಿದು ಅಟ್ಟಿ ಹೊಡೆಯೋ ಬೇಟೆ ನಿಂತೇಹೋಯಿತು. ಗೇಮ್‌ಕೀಪರ್‌ಗಳು ಹೋದರು. ಆಮೇಲೆ ನರಿ, ಕಾಗೆ ಜಾಸ್ತಿಯಾಗಿ ಹ್ಯಾರಿಯರ್‌ಗಳೂ ಇಳಿದವು. ಇಲ್ಲಿವರೆಗೆ ಹೇಳಿ ಕೂತರೆ ವಿರೋಧದವರು ಗೆದ್ದರು. ಪರ ಇರೋರು ಮುಂದಕ್ಕೆ ಹೋಗಬೇಕು: 2021ರಲ್ಲಿ, 2022ರಲ್ಲಿ ಊರಿನವರೇ ಚಂದಾ ಎತ್ತಿ, ನೆರವು ತಂದು, ಎರಡು ಕಂತಿನಲ್ಲಿ 10,000 ಎಕರೆಗೂ ಜಾಸ್ತಿ ಗುಡ್ಡವನ್ನು ಎಸ್ಟೇಟಿನಿಂದ ಕೊಂಡುಕೊಂಡರು. ಈಗ ಅದು ಟಾರಸ್ ವ್ಯಾಲಿ ನಿಸರ್ಗಧಾಮ.

ಅವತ್ತು ಇದು ನನಗೆ ಗೊತ್ತಿದ್ದಿದ್ದರೆ ನಮ್ಮ ಹುಡುಗ ಬೆಪ್ಪಾಗಿ ನಿಲ್ಲುತ್ತಿರಲಿಲ್ಲ. ಅವನಿಗೆ ಈಗಲೂ ಒಂದು ಬೆಣ್ಣೆ ದೋಸೆ ಬಾಕಿ ಇದೆ.