ಹೂವಿನ ಹೆಣ್ಣು ತೆರೆಯ ಮೇಲೆ ಹಾಡಿದ್ದು: ಒಂದು ವೆಲ್ಶ್ ಒಪೆರಾ ಸಿನಿಮಾ ಕೆಲಸ

ಮಾಬಿನೋಗಿ ಅಂದರೆ ವೇಲ್ಸ್‌ನ ಹಳೆಯ ಗದ್ಯಕಥೆಗಳು, ನಾಲ್ಕು ಭಾಗ. ನಾಲ್ಕನೆಯದರಲ್ಲಿ ಬ್ಲೊಡೈವೆಧ್ ಬರುತ್ತಾಳೆ. ಲ್ಹೈ ಎಂಬ ಹುಡುಗನಿಗೆ ಮನುಷ್ಯ ಕುಲದ ಹೆಂಡತಿ ಸಿಗಬಾರದು ಅಂತ ಅವನ ತಾಯಿಯ ಶಾಪ. ಅದಕ್ಕೆ ಇಬ್ಬರು ಮಾಂತ್ರಿಕರು ಓಕ್, ಬ್ರೂಮ್, ಮೆಡೋಸ್ವೀಟ್ ಹೂಗಳಿಂದ ಒಬ್ಬ ಹೆಣ್ಣನ್ನು ಮಾಡಿ ಮದುವೆ ಮಾಡಿಸುತ್ತಾರೆ. ಅವಳನ್ನು ಯಾರೂ ಕೇಳುವುದಿಲ್ಲ. ಆಮೇಲೆ ಅವಳು ಗ್ರೋನು ಎಂಬ ಬೇಟೆಗಾರ ದೊರೆಯನ್ನು ಪ್ರೀತಿಸಿ, ಗಂಡನನ್ನು ಕೊಲ್ಲಿಸಲು ನೋಡಿ, ಕೊನೆಗೆ ಗೂಬೆಯಾಗುತ್ತಾಳೆ. ಇದನ್ನು ಕಿರು ಒಪೆರಾ ಸಿನಿಮಾ ಮಾಡಿದ ಸಣ್ಣ ತಂಡದಲ್ಲಿ ಚಿತ್ರಕಥೆ, ಎಡಿಟಿಂಗ್ ನನ್ನದು. ಹಾಡು ಬರೆದವರ ಮನೆಮಾತೇ ವೆಲ್ಶ್.

ಮೊದಲ ಕೆಲಸ ಕತ್ತರಿಸುವುದು. ಒಂದು ಸಾಲು ಆಡೋದಕ್ಕಿಂತ ಹಾಡೋಕೆ ಎಷ್ಟೋ ಜಾಸ್ತಿ ಹೊತ್ತು ಬೇಕು. ಲ್ಹೈಯನ್ನು ಕೊಲ್ಲುವ ಉಪಾಯವನ್ನೇ ನೋಡಿ: ನದಿಯ ಪಕ್ಕ, ಒಂದು ಕಾಲು ತೊಟ್ಟಿಯ ಅಂಚಿನ ಮೇಲೆ, ಇನ್ನೊಂದು ಆಡಿನ ಬೆನ್ನ ಮೇಲೆ ಇದ್ದಾಗ ಮಾತ್ರ ಅವನು ಸಾಯುತ್ತಾನೆ, ಅದೂ ಭಾನುವಾರದ ಪೂಜೆಯ ಹೊತ್ತಿನಲ್ಲಷ್ಟೇ ಕೆಲಸ ಮಾಡಿ ಒಂದು ವರ್ಷದಲ್ಲಿ ತಯಾರಿಸಿದ ಈಟಿಯಿಂದ. ಇದನ್ನು ಹಾಡಿಸಿದರೆ ಸಿನಿಮಾ ಅಲ್ಲೇ ನಿಂತುಬಿಡುತ್ತೆ. ಕ್ಯಾಮೆರಾಗೆ ಬಿಟ್ಟೆವು, ಕೆಳಗೆ ಬರೀ ವಾದ್ಯ.

ಹಾಗಾದರೆ ಹಾಡು ಎಲ್ಲಿ? ಒಂದು ಜಾಗ ಕಥೆಯೇ ತೋರಿಸುತ್ತೆ. ಈಟಿ ತಗುಲಿದ ಲ್ಹೈ ಹದ್ದಾಗಿ ಓಕ್ ಮರದ ತುದಿಯಲ್ಲಿ ಕೂತಿರುತ್ತಾನೆ. ಮಾಂತ್ರಿಕ ಗ್ವಿದಿಯನ್ ಕೆಳಗೆ ನಿಂತು ಮೂರು ಎಂಗ್ಲಿನ್ (ವೆಲ್ಶ್‌ನ ಚಿಕ್ಕ ಪದ್ಯ) ಹಾಡುತ್ತಾನೆ, ಒಂದೊಂದಕ್ಕೂ ಹಕ್ಕಿ ಕೆಳಗಿಳಿದು ಕೊನೆಗೆ ಅವನ ಮೊಣಕಾಲ ಮೇಲೆ ಬರುತ್ತೆ. 14ನೇ ಶತಮಾನದ ಹಸ್ತಪ್ರತಿಯಲ್ಲಿರುವ ಆ ಸಾಲುಗಳನ್ನು ನಾವು ಮುಟ್ಟಲೇ ಇಲ್ಲ. ಇಡೀ ಕೆಲಸದಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದೇ.

ಜಗಳ ಆಗಿದ್ದು ಬ್ಲೊಡೈವೆಧ್ ಗೂಬೆಯಾಗುವ ಶಾಪದ ಹತ್ತಿರ. ಮೂಲದಲ್ಲಿ ಗ್ವಿದಿಯನ್ ಮಾತಾಡುತ್ತಾನೆ, ಅವಳದು ಒಂದು ಮಾತೂ ಇಲ್ಲ. ಸಂಗೀತ ಮಾಡಿದವರಿಗೆ ಅಲ್ಲಿ ದೊಡ್ಡ ಹಾಡು ಬೇಕಿತ್ತು. ಬಾಯಿಲ್ಲದಂತೆ ಮಾಡಿದವಳಿಗೆ ಅಲ್ಲಿ ಏಕಾಏಕಿ ಬಾಯಿ ಕೊಟ್ಟರೆ ಕಥೆಯೇ ಸುಳ್ಳಾಗುತ್ತೆ ಅಂತ ನಾನು. ಕೊನೆಗೆ ಹಾಡು ಇಟ್ಟೆವು, ಆದರೆ ಕ್ಲೋಸಪ್‌ನಲ್ಲಿ ಅವಳ ತುಟಿ ಮುಚ್ಚಿರುತ್ತೆ, ದನಿ ಮಾತ್ರ ಕೇಳುತ್ತೆ. ಸಿನಿಮಾ ಇರೋದೇ ಇಂಥದ್ದಕ್ಕೆ, ಅಲ್ವಾ?

ವೆಲ್ಶ್‌ನಲ್ಲಿ ಒತ್ತು ಸಾಮಾನ್ಯವಾಗಿ ಪದದ ಕೊನೆಯಿಂದ ಎರಡನೇ ಉಚ್ಚಾರಾಂಶಕ್ಕೆ (ಸಿಲಬಲ್‌ಗೆ). ತಾಳದ ಪೆಟ್ಟು ಅಲ್ಲೇ ಬೀಳಬೇಕು, ಇಲ್ಲದಿದ್ದರೆ ಅಲ್ಲಿನವರ ಕಿವಿಗೆ ಚುಚ್ಚುತ್ತೆ. ಲ್ಹೈ ಹೆಸರಿನ ಮೊದಲ ಸದ್ದು ಬರೀ ಉಸಿರು, ಅದರಲ್ಲಿ ಸ್ವರ ನಿಲ್ಲೋದಿಲ್ಲ, ಬೇಗ ದಾಟಿ ಮುಂದಿನ ಸ್ವರಾಕ್ಷರ ಹಿಡಿಯಬೇಕು.

ಚಿತ್ರೀಕರಣ ಕಥೆ ನಡೆಯುವ ಕಿನ್‌ವಲ್ ನದಿಯ ಕಣಿವೆಯಲ್ಲೇ. ನೀರಿನ ಸದ್ದಿಗೆ ಅಲ್ಲೇ ಹಾಡಿಸಿ ರೆಕಾರ್ಡ್ ಮಾಡೋಕಾಗಲ್ಲ. ಮೊದಲೇ ಸ್ಟುಡಿಯೋದಲ್ಲಿ ಹಾಡಿಸಿ, ಅಲ್ಲಿ ಪ್ಲೇಬ್ಯಾಕ್. ಆದರೆ ಸುಮ್ನೆ ತುಟಿ ಆಡಿಸಿದರೆ ಕುತ್ತಿಗೆಯ ನರ ಅಲುಗುವುದಿಲ್ಲ, ಕ್ಲೋಸಪ್‌ನಲ್ಲಿ ತಕ್ಷಣ ಗೊತ್ತಾಗುತ್ತೆ. ಹಾಗಾಗಿ ಪ್ರತಿ ಟೇಕಿನಲ್ಲೂ ಸಣ್ಣ ದನಿಯಲ್ಲಾದರೂ ನಿಜವಾಗಿ ಹಾಡಿ ಅಂತ ಕೇಳಿಕೊಂಡೆವು.

ಎಡಿಟರ್‌ಗೆ ಇಲ್ಲಿ ಕೈ ಕಟ್ಟಿದ ಹಾಗೆ, ಹಾಡಿನ ನಡುವೆ ಒಂದು ಕ್ಷಣವನ್ನೂ ಎಳೆಯೋಕಾಗಲ್ಲ. ಅದಕ್ಕೇ ರೆಕಾರ್ಡಿಂಗ್‌ಗೆ ಮುಂಚೆ ಸ್ಕೋರ್ (ಸಂಗೀತ ಬರೆದ ಹಾಳೆ) ಮುಂದಿಟ್ಟುಕೊಂಡು ಎಲ್ಲಿ ಯಾವ ಶಾಟ್ ಅಂತ ಗುರುತು ಹಾಕಿದೆ. ನೋಟಕ್ಕೆ, ನಡಿಗೆಗೆ, ಬಾಗಿಲು ತೆಗೆಯೋಕೆ ಹಾಡಿಲ್ಲದ ಜಾಗ ಬಿಡಿ ಅಂತ ಕೇಳಿದೆ, ಬಿಟ್ಟರು. ಗ್ರೋನು ಮೊದಲ ಸಲ ಒಳಗೆ ಬರುವ ದೃಶ್ಯ ನಿಂತಿರೋದು ಆ ಜಾಗದ ಮೇಲೇ.